ಚಳಿ ಎಂದರೆ ಕಂಬಳಿ

ಕೊಯಮತ್ತೂರಿನಿಂದ ಉತ್ತರಕ್ಕೆ ಮೆಟ್ಟುಪಾಳಯಂ ಹೆದ್ದಾರಿಯಲ್ಲಿ ಹತ್ತು ಕಿಲೋಮೀಟರಿನಷ್ಟು ಸಾಗಿದರೆ ತುಡಿಯಲೂರು ಸಿಗುತ್ತದೆ. ಊಟಿಗೆ ಹೊರಟ ಪ್ರವಾಸಿಗರು ಈ ಊರನ್ನು ವಾಹನದ ಕಿಟಕಿಯಿಂದ ನೋಡುತ್ತಾರೆಯೇ ಹೊರತು ಇಲ್ಲಿ ಇಳಿಯುವವರು ಕಡಿಮೆ. ರಸ್ತೆಗೆ ಜೊತೆಯಾಗಿ ರೈಲು ಹಳಿಯೂ ಸಾಗುತ್ತದೆ. ನೀಲಗಿರಿಯ ಬುಡದವರೆಗೆ 1873ರಲ್ಲಿ ಬಂದ ಹಳಿ ಅದು. ಪಶ್ಚಿಮಕ್ಕೆ ತಡಾಗಂ ಕಣಿವೆ, ಅದರಾಚೆ ಆನೆಗಳು ಓಡಾಡುವ ಬೆಟ್ಟಸಾಲು. ಉತ್ತರಕ್ಕೆ, ಆಕಾಶ ತಿಳಿಯಾಗಿದ್ದ ದಿನ, ನೀಲಗಿರಿಯ ನೀಲಿ ಗೋಡೆ. ಒಂದು ಕಾಲದಲ್ಲಿ ಜೋಳ, ಹತ್ತಿ, ಬಾವಿ ಮತ್ತು ಎತ್ತುಗಳ ಊರಾಗಿದ್ದ ಇದು 2011ರಲ್ಲಿ ಕೊಯಮತ್ತೂರು ಮಹಾನಗರಪಾಲಿಕೆಯೊಳಗೆ ಸೇರಿತು. ಹೊಲಗಳಿದ್ದೆಡೆ ಈಗ ಬಡಾವಣೆಗಳು. ಊರಿನ ಸಹಕಾರಿ ಕೃಷಿ ಸೇವಾ ಸಂಘ ಮಾತ್ರ ಹಳೆಯ ಬೇಸಾಯದ ನೆನಪನ್ನು ಹೆಸರಿನಲ್ಲಿ ಉಳಿಸಿಕೊಂಡಿದೆ.

ಈ ಬಡಾವಣೆಗಳ ಕೆಲವು ಮನೆಗಳ ಒಳಗೆ ಇಂದಿಗೂ ಕನ್ನಡ ಕೇಳಿಸುತ್ತದೆ. ಅದು ಬೆಂಗಳೂರಿನಿಂದ ನಿನ್ನೆ ಮೊನ್ನೆ ಬಂದ ಕನ್ನಡವಲ್ಲ. ದೇವಾಂಗ ನೇಕಾರರು, ಒಕ್ಕಲಿಗ ಗೌಡರು ಶತಮಾನಗಳ ಹಿಂದೆ ಈ ಸೀಮೆಗೆ ತಂದು, ಮಗ್ಗದ ಗುಂಡಿಯಲ್ಲಿಯೂ ಹೊಲದ ಬದುವಿನಲ್ಲಿಯೂ ಕಾಪಾಡಿಕೊಂಡು ಬಂದ ಮಾತು. 1799ರವರೆಗೆ ಈ ನೆಲ ಮೈಸೂರಿನ ಆಳ್ವಿಕೆಯಲ್ಲಿತ್ತು. 1956ರವರೆಗೆ ಕೊಳ್ಳೇಗಾಲವೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಗಡಿ ಬಂದದ್ದು ಆಮೇಲೆ, ಮಾತು ಬಂದದ್ದು ಮೊದಲು. ನೀಲಗಿರಿಯಿಂದ ಇಳಿದು ಬಂದು ಇದೇ ಹೆದ್ದಾರಿಯ ಆಸುಪಾಸಿನಲ್ಲಿ ನೆಲೆಸಿದ ಬಡಗ ಕುಟುಂಬಗಳ ನುಡಿಯೂ ಕನ್ನಡಕ್ಕೆ ತೀರ ಸಮೀಪದ್ದು. ಆದರೆ ಇಲ್ಲಿನ ಕನ್ನಡಕ್ಕೆ ಅಕ್ಷರವಿಲ್ಲ. ಶಾಲೆ ತಮಿಳಿನದು ಅಥವಾ ಇಂಗ್ಲಿಷಿನದು. ಅಂಗಡಿ, ಬಸ್ಸು, ಆಸ್ಪತ್ರೆ, ಎಲ್ಲವೂ ತಮಿಳು. ಕನ್ನಡವೆಂಬುದು ಅಡುಗೆಮನೆಯಿಂದ ಹಿತ್ತಿಲಿನವರೆಗಿನ ಮಾತು. ಅದರ ಒಡತಿ ಹೆಚ್ಚಿನ ಮನೆಗಳಲ್ಲಿ ಅಜ್ಜಿಯೇ.

ಇಂತಹ ಮನೆಯಲ್ಲಿ ಅಜ್ಜಿಗೆ ಮರೆವು ಆರಂಭವಾದಾಗ ಏನಾಗುತ್ತದೆ ಎಂಬುದು ಗಮನಿಸತಕ್ಕ ಸಂಗತಿ.

ಮೊದಮೊದಲು ಯಾರ ಗಮನಕ್ಕೂ ಬರುವುದಿಲ್ಲ. ಹಾಲಿನವನ ಲೆಕ್ಕ ತಪ್ಪುತ್ತದೆ. ಒಲೆಯ ಮೇಲಿಟ್ಟ ಪಾತ್ರೆ ಸೀಯುತ್ತದೆ. ಮೊಮ್ಮಗಳನ್ನು ಮಗಳ ಹೆಸರಿನಿಂದ ಕರೆಯುತ್ತಾಳೆ; ಅದು ಎಲ್ಲ ಅಜ್ಜಿಯರೂ ಮಾಡುವುದೇ ಎಂದು ಮನೆಯವರು ನಗುತ್ತಾರೆ. ಬಳಿಕ ಒಂದೇ ಪ್ರಶ್ನೆ ಗಳಿಗೆಗೊಮ್ಮೆ ಬರತೊಡಗುತ್ತದೆ. ಮುಂದೆ ಒಂದು ದಿನ, ಎಪ್ಪತ್ತು ವರ್ಷ ಸಂತೆಯಲ್ಲಿ ತಮಿಳಿನಲ್ಲಿಯೇ ಚೌಕಾಸಿ ಮಾಡಿದ ಹೆಂಗಸು, ಬಾಗಿಲಿಗೆ ಬಂದ ತರಕಾರಿಯವನ ಮಾತಿಗೆ ಕನ್ನಡದಲ್ಲಿ ಉತ್ತರ ಕೊಡುತ್ತಾಳೆ. ಅವನು ಕಕ್ಕಾಬಿಕ್ಕಿಯಾಗಿ ನಿಲ್ಲುತ್ತಾನೆ. ಆಕೆಗೆ ತಾನು ಭಾಷೆ ಬದಲಿಸಿದೆನೆಂಬ ಅರಿವೇ ಇರುವುದಿಲ್ಲ.

ಕೊನೆಗೆ ಕಲಿತದ್ದು ಮೊದಲು ಜಾರುತ್ತದೆ, ಮೊದಲು ಕಲಿತದ್ದು ಕೊನೆಯವರೆಗೆ ನಿಲ್ಲುತ್ತದೆ ಎಂದು ಫ್ರಾನ್ಸಿನ ಮನಶ್ಶಾಸ್ತ್ರಜ್ಞ ತೆಯೊದ್ಯುಲ್ ರಿಬೊ 1881ರಲ್ಲಿಯೇ ಬರೆದನು. ಎಲ್ಲರಲ್ಲಿಯೂ ಹೀಗೆಯೇ ಆಗಬೇಕೆಂದಿಲ್ಲ. ಬದುಕಿನಲ್ಲಿ ಹೆಚ್ಚು ಬಳಸಿದ ಭಾಷೆಯೇ ಹೆಚ್ಚು ಗಟ್ಟಿ ಎಂದು ಅವನ ಬಳಿಕ ವಾದಿಸಿದವರೂ ಇದ್ದಾರೆ. ಕೆಲವು ವೃದ್ಧರಲ್ಲಿ ಎರಡೂ ಭಾಷೆಗಳು ಕಲಸಿಹೋಗುತ್ತವೆ. ಆದರೂ ಮರೆವಿನ ಕಾಯಿಲೆಯವರು ಎಳವೆಯ ಮಾತಿಗೆ ಮರಳುವುದನ್ನು ವಲಸೆಯವರ ಮನೆಗಳು ಲೋಕದ ಎಲ್ಲೆಡೆ ಕಂಡಿವೆ. ತುಡಿಯಲೂರಿನ ಅಜ್ಜಿಯ ಎಳವೆ ಕನ್ನಡದ್ದು. ತಮಿಳು ಆಕೆಗೆ ಹೊರಗಿನ ಉಡುಪು. ಹೊರಗೆ ಹೋಗುವುದು ನಿಂತ ಮೇಲೆ ಅದು ಗೂಟಕ್ಕೆ ಸೇರಿತು.

ಇಲ್ಲಿಂದ ಕಥೆ ವೈದ್ಯಶಾಸ್ತ್ರದ್ದಲ್ಲ, ಮನೆಯದು.

ಮಾರ್ಗಳಿ ತಿಂಗಳ ಮುಂಜಾವದಲ್ಲಿ ಬೆಟ್ಟದ ಕಡೆಯಿಂದ ಗಾಳಿ ಬೀಸುತ್ತದೆ. ಅಜ್ಜಿ ‘ಚಳಿ, ಚಳಿ’ ಎನ್ನುತ್ತಾಳೆ. ಹಗಲಿನ ಆರೈಕೆಗೆಂದು ಬಂದ ಹುಡುಗಿ ತಮಿಳಿನವಳು. ತಮಿಳಿನಲ್ಲಿ ‘ಸಳಿ’ ಎಂದರೆ ಕಫ, ನೆಗಡಿ. ಆಕೆ ಅಕ್ಕರೆಯಿಂದಲೇ ಕೆಮ್ಮಿನ ಔಷಧಿಯ ಬಾಟಲಿ ತರುತ್ತಾಳೆ. ಅಜ್ಜಿ ಬಾಯಿ ಮುಚ್ಚಿಕೊಳ್ಳುತ್ತಾಳೆ. ಹುಡುಗಿ ಒತ್ತಾಯಿಸುತ್ತಾಳೆ, ಅಜ್ಜಿ ಕೈ ತಳ್ಳುತ್ತಾಳೆ, ಔಷಧಿ ಸೀರೆಯ ಮೇಲೆ ಚೆಲ್ಲುತ್ತದೆ. ‘ಅಜ್ಜಿ ಇಂದು ಹಟ ಮಾಡಿದರು’ ಎಂದು ಸಂಜೆ ವರದಿಯಾಗುತ್ತದೆ. ಹಟವಲ್ಲ. ಬೇಕಾಗಿದ್ದುದು ಕಂಬಳಿ.

ಎರಡು ಸೋದರ ಭಾಷೆಗಳ ನಡುವೆ ಇಂತಹ ಮೋಸದ ಮೆಟ್ಟಿಲುಗಳು ಎಷ್ಟೋ. ‘ಕತ್ತು’ ನೋಯುತ್ತದೆ ಎಂದರೆ ತಮಿಳಿನ ಕಿವಿಗೆ ‘ಕೂಗು’ ಎಂದು ಕೇಳಿಸುತ್ತದೆ; ತಮಿಳಿನಲ್ಲಿ ಕತ್ತಿಗೆ ‘ಕಳುತ್ತು’. ‘ಸೊಪ್ಪು’ ಕೇಳಿದರೆ ಸಾಬೂನು ಬಂದೀತು, ಏಕೆಂದರೆ ಅಲ್ಲಿ ಸಾಬೂನಿಗೆ ‘ಸೋಪ್ಪು’. ‘ಹಾಲು’ ಎಂಬಲ್ಲಿ ಹಳ್ಳಿಯ ನಾಲಿಗೆ ಹಕಾರವನ್ನು ನುಂಗಿ ‘ಆಲು’ ಎಂದರೆ, ಯಾರೋ ಆಳನ್ನು ಕರೆಯುತ್ತಿದ್ದಾಳೆ ಎಂದು ತಿಳಿದುಕೊಳ್ಳುತ್ತಾರೆ. ಇವೆಲ್ಲ ನಗೆಯ ಸಂಗತಿಗಳು. ನಗೆಯಲ್ಲದ ಒಂದುಂಟು. ‘ಎದೆ’ ಎಂಬ ಮಾತು ತಮಿಳಿನವರ ಕಿವಿಗೆ ‘ಯಾವುದನ್ನು?’ ಎಂಬ ಪ್ರಶ್ನೆಯಂತೆ ಕೇಳಿಸುತ್ತದೆ. ಅವರು ಎದೆಗೆ ‘ನೆಂಜು’ ಎನ್ನುತ್ತಾರೆ. ಎಂಬತ್ತು ದಾಟಿದ ಹೆಂಗಸು ರಾತ್ರಿ ಎದ್ದು ಕುಳಿತು ‘ಎದೆ, ಎದೆ’ ಎನ್ನುವಾಗ, ಪಕ್ಕದಲ್ಲಿರುವವರು ಆಕೆ ಏನನ್ನೋ ಹುಡುಕುತ್ತಿದ್ದಾಳೆ ಎಂದು ದಿಂಬಿನಡಿ ತಡಕಾಡಿದರೆ, ಕಳೆದುಹೋಗುವ ನಿಮಿಷಗಳು ಸಣ್ಣವಲ್ಲ.

ಆ ಮನೆಯಲ್ಲಿ ಅಜ್ಜಿಯ ಮಾತು ಪೂರ್ತಿಯಾಗಿ ತಿಳಿಯುವವರು ಯಾರು? ಮಗನಿಗೆ ತಿಳಿಯುತ್ತದೆ, ಅವನು ಬೆಳಿಗ್ಗೆ ಏಳಕ್ಕೆ ಕಾರ್ಖಾನೆಗೆ ಹೊರಡುತ್ತಾನೆ. ಸೊಸೆಗೆ ಅರ್ಧ ತಿಳಿಯುತ್ತದೆ. ಮೊಮ್ಮಕ್ಕಳು ತಮಿಳಿನಲ್ಲಿ ಬೆಳೆದವರು. ಅಜ್ಜಿ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರಿಸುವ ರೂಢಿ. ಎರಡೂ ಕಡೆ ಬುದ್ಧಿ ಚುರುಕಾಗಿರುವಾಗ ಆ ವ್ಯವಸ್ಥೆ ಸೊಗಸಾಗಿಯೇ ನಡೆಯುತ್ತದೆ. ಗಡಿನಾಡಿನ ಎಷ್ಟೋ ಮನೆಗಳಲ್ಲಿ ಎರಡು ತಲೆಮಾರುಗಳು ಎರಡು ಭಾಷೆಯಲ್ಲಿ ಸಂಭಾಷಿಸುತ್ತ ಒಂದೇ ತಟ್ಟೆಯಿಂದ ತಿಂಡಿ ತಿನ್ನುತ್ತವೆ. ಒಂದು ಕಡೆಯ ತಮಿಳು ಅಳಿದ ದಿನ ಮಾತ್ರ ಸೇತುವೆಯ ಒಂದು ಕಂಬ ಕುಸಿಯುತ್ತದೆ. ಹಾಗೆ ಕುಸಿದ ಮೇಲೆಯೇ ಮೊಮ್ಮಗಳಿಗೆ ಗೊತ್ತಾಗುವುದು: ಇಷ್ಟು ವರ್ಷ ಅಜ್ಜಿ ತನ್ನ ಕಡೆಗೆ ನಡೆದು ಬರುತ್ತಿದ್ದಳು, ತಾನು ಅಜ್ಜಿಯ ಕಡೆಗೆ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ.

ಒಂಬತ್ತನೆಯ ತರಗತಿಯ ಅಂತಹ ಹುಡುಗಿಗೆ ಕನ್ನಡ ಕಲಿಯುವುದು ಅಷ್ಟೇನೂ ಕಷ್ಟವಲ್ಲ. ತಮಿಳು ಬಲ್ಲವರಿಗೆ ಅರ್ಧ ದಾರಿ ಆಗಲೇ ಸವೆದಿರುತ್ತದೆ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಯಿತು, ತಮಿಳು ಪಕಾರವನ್ನೇ ಇಟ್ಟುಕೊಂಡಿತು. ಪಾಲ್ ಹಾಲಾಯಿತು, ಪಲ್ ಹಲ್ಲಾಯಿತು, ಪೂ ಹೂವಾಯಿತು, ಪುಲಿ ಹುಲಿಯಾಯಿತು, ಪತ್ತು ಹತ್ತಾಯಿತು. ಈ ಒಂದು ಬೀಗದ ಕೈಯಿಂದ ಎಷ್ಟೋ ಬಾಗಿಲುಗಳು ತೆರೆಯುತ್ತವೆ. ಉಳಿದದ್ದನ್ನು ಅಜ್ಜಿಯೇ ಕಲಿಸುತ್ತಾಳೆ, ಕಲಿಸುತ್ತಿದ್ದೇನೆಂಬ ಅರಿವಿಲ್ಲದೆ. ಒಂದೇ ಪ್ರಶ್ನೆಯನ್ನು ದಿನಕ್ಕೆ ನಲವತ್ತು ಬಾರಿ ಕೇಳುವ ಗುರು ಬೇರೆ ಯಾವ ಶಾಲೆಯಲ್ಲಿ ಸಿಕ್ಕಾರು? ‘ಊಟ ಆಯ್ತಾ?’ ಎಂಬುದಕ್ಕೆ ಮೊದಲ ದಿನ ತಲೆಯಾಡಿಸಿದವಳು, ವಾರ ಕಳೆಯುವಷ್ಟರಲ್ಲಿ ‘ಆಯ್ತು, ನಿಮ್ದು?’ ಎನ್ನುತ್ತಾಳೆ. ಅಜ್ಜಿಗೆ ಪ್ರತಿ ಬಾರಿಯೂ ಅದು ಮೊದಲ ಉತ್ತರ. ಆಕೆಯ ಮುಖ ಪ್ರತಿ ಬಾರಿಯೂ ಅಷ್ಟೇ ಅರಳುತ್ತದೆ.

ಸಂಜೆಯ ಹೊತ್ತು ಕಠಿಣ. ಬೆಳಕು ಇಳಿಯುತ್ತಿದ್ದಂತೆ ಮರೆವಿನ ಕಾಯಿಲೆಯವರಲ್ಲಿ ಕಳವಳ ಏರುವುದುಂಟು. ಅಜ್ಜಿ ಸೆರಗು ಸರಿಪಡಿಸಿಕೊಂಡು, ಚೀಲ ಹುಡುಕಿ, ‘ಮನೆಗೆ ಹೋಗ್ಬೇಕು’ ಎಂದು ಬಾಗಿಲಿಗೆ ಬರುತ್ತಾಳೆ. ‘ಇದೇ ನಿಮ್ಮ ಮನೆ’ ಎಂದು ಮಗ ಹೇಳುತ್ತಾನೆ. ಹೇಳಿದ್ದು ನಿಜ, ಹಕ್ಕುಪತ್ರವೂ ಆಕೆಯ ಗಂಡನ ಹೆಸರಿನಲ್ಲಿಯೇ ಇದೆ. ಆದರೆ ಆ ನಿಜದಿಂದ ಆಕೆಗೆ ಸಮಾಧಾನವಾಗುವುದಿಲ್ಲ, ಭಯವಾಗುತ್ತದೆ. ಅಪರಿಚಿತರು ತನ್ನನ್ನು ಕೂಡಿಹಾಕಿದ್ದಾರೆಂದು ಅಳುತ್ತಾಳೆ. ಮಗನಿಗೆ ಅವಮಾನ, ಸೊಸೆಗೆ ಸಿಟ್ಟು. ಮೊಮ್ಮಗಳು ಮಾತ್ರ ಆ ವಾದಕ್ಕೆ ಇಳಿಯದೆ ಪಕ್ಕದಲ್ಲಿ ಕುಳಿತು ಕೇಳುತ್ತಾಳೆ: ‘ಯಾವ ಮನೆ ಅಜ್ಜಿ? ಅಲ್ಲಿ ಏನಿದೆ?’

ಆಗ ಬಾವಿ ಬರುತ್ತದೆ. ಕೊಯಮತ್ತೂರು ಸೀಮೆಯ ಬೇಸಾಯವೆಲ್ಲ ಆಳವಾದ ತೆರೆದ ಬಾವಿಗಳ ಮೇಲೆ ನಿಂತಿತ್ತು. ಬಂಡೆ ಸೀಳಿ ತೋಡಿದ ಬಾವಿಗೆ ಚರ್ಮದ ಕಪಿಲೆ ಇಳಿಬಿಟ್ಟು, ಇಳಿಜಾರಿನಲ್ಲಿ ಎತ್ತುಗಳನ್ನು ಓಡಿಸಿ ನೀರೆತ್ತುತ್ತಿದ್ದರು. ಆ ಕಪಿಲೆಗೆ ತಮಿಳಿನಲ್ಲಿ ‘ಕವಲೈ’ ಎನ್ನುತ್ತಾರೆ. ಚಿಂತೆಗೂ ಅದೇ ಮಾತು. ಬಾವಿ ಬತ್ತಿದ ವರ್ಷ ಎರಡೂ ಅರ್ಥ ಒಂದಾಗುತ್ತಿದ್ದವೋ ಏನೋ. 1932ರಲ್ಲಿ ನೀಲಗಿರಿಯ ಪೈಕಾರದಲ್ಲಿ ಜಲವಿದ್ಯುತ್ ಉತ್ಪಾದನೆ ಆರಂಭವಾಗಿ ತಂತಿಗಳು ಕೆಳಗಿಳಿದ ಮೇಲೆ ಹತ್ತಿ ಗಿರಣಿಗಳು ಬೆಳೆದವು, ಬಾವಿಗಳಿಗೆ ಪಂಪು ಬಂದವು, ಪಂಪು ತಯಾರಿಸುವುದೇ ಈ ನಗರದ ಕಸುಬಾಯಿತು. ಎತ್ತುಗಳು ಒಂದೊಂದಾಗಿ ಮಾರಾಟವಾದವು. ಎಲ್ಲ ಬಾವಿಗಳಿಗೂ ಕರೆಂಟು ಒಮ್ಮೆಲೇ ಬರಲಿಲ್ಲ; ಇಂದು ಎಂಬತ್ತು ದಾಟಿದವರ ಬಾಲ್ಯದಲ್ಲಿ ಕಪಿಲೆಯ ಗಾಲಿ ಕಿರುಗುಟ್ಟುವುದು ಬೆಳಗಿನ ಸದ್ದಾಗಿತ್ತು. ಅಜ್ಜಿ ಹೋಗಬೇಕೆನ್ನುವ ಮನೆ ಆ ಸದ್ದಿನ ಬಳಿ ಇದೆ. ಅಲ್ಲಿ ಆಕೆಯ ತಾಯಿ ರಾಗಿ ಬೀಸುತ್ತಿದ್ದಾಳೆ, ತಮ್ಮ ಎತ್ತಿನ ಹಗ್ಗದ ಮೇಲೆ ಕುಳಿತು ಇಳಿಜಾರು ಇಳಿಯುತ್ತಿದ್ದಾನೆ. ಆ ಹೊಲದಲ್ಲಿ ಈಗ ಮೂರು ಅಂತಸ್ತಿನ ಕಟ್ಟಡವಿರಬಹುದು, ಮೊಬೈಲು ಅಂಗಡಿಯಿರಬಹುದು. ಅದನ್ನು ಆಕೆಗೆ ತಿಳಿಸುವುದರಿಂದ ಯಾರಿಗೆ ಲಾಭ? ಎತ್ತಿನ ಹೆಸರು ಕೇಳಿದರೆ ಆಕೆ ತಟ್ಟನೆ ಹೇಳುತ್ತಾಳೆ, ಮೊಮ್ಮಗಳ ಹೆಸರು ಕೇಳಿದರೆ ತಡವರಿಸುತ್ತಾಳೆ. ಎತ್ತಿನ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಬಾಗಿಲಿನ ನೆನಪು ಹೋಗಿ, ದೀಪ ಹಚ್ಚುವ ಹೊತ್ತಾಗಿರುತ್ತದೆ.

ತನ್ನ ಹೆಸರೇ ಮರೆತವಳೊಡನೆ ಸಂಬಂಧ ಉಳಿಯುತ್ತದೆಯೇ ಎಂಬ ಪ್ರಶ್ನೆ ಹುಡುಗಿಯ ಮನಸ್ಸನ್ನು ಕೊರೆಯದೆ ಇರದು. ಅದು ನಿಜವಾದ ನೋವು, ಸುಭಾಷಿತಗಳಿಂದ ಮುಚ್ಚಬಾರದು. ಅಜ್ಜಿ ಒಂದು ದಿನ ಆಕೆಯನ್ನು ‘ನೀನು ಯಾರ ಮಗು?’ ಎಂದು ಕೇಳುತ್ತಾಳೆ. ಮರುಗಳಿಗೆಯೇ ತನ್ನ ತಟ್ಟೆಯ ದೊಡ್ಡ ತುಂಡನ್ನು ಮುರಿದು ಆಕೆಯ ಕೈಗಿಡುತ್ತಾಳೆ. ಯಾರೆಂದು ತಿಳಿಯದು, ಹಸಿದಿರಬಹುದೆಂದು ತಿಳಿದಿದೆ. ಹುಡುಗಿ ಆ ತುಂಡನ್ನು ತಿನ್ನುತ್ತಾಳೆ. ಆ ಹೊತ್ತಿಗೆ ಅಷ್ಟೇ ಮಾಡಲು ಸಾಧ್ಯ.

ಇಲ್ಲಿ ಒಂದು ಮಾತನ್ನು ಬಿಡಬಾರದು. ಮೊಮ್ಮಗಳು ಅರ್ಧ ಗಂಟೆ ಬಾವಿಯ ಕಥೆ ಕೇಳುತ್ತಾಳೆ. ಉಳಿದ ಇಪ್ಪತ್ತಮೂರೂವರೆ ಗಂಟೆ ಬಹುಪಾಲು ಸೊಸೆಯದು. ಹಾಸಿಗೆ ಒಗೆಯುವವಳು, ಸ್ನಾನ ಮಾಡಿಸುವವಳು, ರಾತ್ರಿ ಎರಡಕ್ಕೆ ಏಳುವವಳು ಅವಳೇ. ಅವಳ ಸಿಟ್ಟನ್ನು ಪ್ರೀತಿಯ ಕೊರತೆ ಎಂದು ಬಗೆಯುವ ನೆಂಟರು ಹಬ್ಬಕ್ಕೆ ಬಂದು ಹೋಗುವವರು. ಹಿರಿಯರ ಆರೈಕೆಯನ್ನು ಕುರಿತ ಬರಹಗಳು ಸಾಮಾನ್ಯವಾಗಿ ಮೊಮ್ಮಗುವಿನ ಮುದ್ದಾದ ಚಿತ್ರದಲ್ಲಿ ಈ ಹೆಂಗಸನ್ನು ಮರೆಸಿಬಿಡುತ್ತವೆ. ಭಾರತದಲ್ಲಿ 60 ದಾಟಿದವರಲ್ಲಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಗಂಡಸರಿಗಿಂತ ಹೆಂಗಸರಲ್ಲಿ, ನಗರಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಆ ಪ್ರತಿಯೊಬ್ಬರ ಹಿಂದೆಯೂ ನಿದ್ದೆಗೆಟ್ಟ ಇನ್ನೊಬ್ಬರಿದ್ದಾರೆ. ಆ ಲೆಕ್ಕವನ್ನು ಯಾರೂ ಅಷ್ಟು ಸುಲಭವಾಗಿ ಹೇಳುವುದಿಲ್ಲ.

ಎರಡು ಭಾಷೆಯ ಮನೆಗಳಿಗೆ ಸ್ವಲ್ಪ ಧೈರ್ಯ ಕೊಡುವ ಸುದ್ದಿಯೂ ಇದೆ. ನರವೈದ್ಯೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ ನಿಜಾಮ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಮರೆವಿನ ಕಾಯಿಲೆಯ 648 ಮಂದಿಯನ್ನು ಪರಿಶೀಲಿಸಿ, 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೇ ಭಾಷೆಯವರಿಗಿಂತ ಎರಡು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲಿಯೂ ಈ ವ್ಯತ್ಯಾಸ ಇತ್ತೆಂಬುದು ಅದರ ವಿಶೇಷ. ಭಾಷೆಯೇ ಇದಕ್ಕೆ ಕಾರಣವೆಂದು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ. ಆದರೂ ಅಕ್ಷರ ಕಾಣದೆ ಎರಡು ಭಾಷೆಗಳನ್ನು ಆಡಿಕೊಂಡು ಬಾಳಿದ ತುಡಿಯಲೂರಿನ ಅಜ್ಜಿಯಂಥವರನ್ನು ವಿಜ್ಞಾನ ಒಮ್ಮೆ ಕಣ್ಣೆತ್ತಿ ನೋಡಿತಲ್ಲ ಎಂಬುದೇ ಸಂತೋಷ.

ಮನೆಯವರು ಮಾಡಬಹುದಾದ ಕೆಲಸಗಳು ಸಣ್ಣವು, ಆದರೆ ಇವೆ. ಕಿವಿ ಮಂದವಾಗಿದೆಯೇ ಎಂದು ಮೊದಲು ನೋಡಿಸಬೇಕು. ಮರೆವೆಂದು ತಿಳಿದದ್ದರಲ್ಲಿ ಒಂದು ಪಾಲು ಕೇಳಿಸದಿರುವುದೇ ಆಗಿರಬಹುದು. ಕಿವುಡುತನ, ಕಣ್ಣಿನ ಮಂದತೆ, ಒಂಟಿತನಗಳನ್ನು ಡಿಮೆನ್ಷಿಯಾದ ಅಪಾಯ ಹೆಚ್ಚಿಸುವ ಅಂಶಗಳ ಪಟ್ಟಿಯಲ್ಲಿ ತಜ್ಞರು ಸೇರಿಸಿದ್ದಾರೆ. ವೈದ್ಯರು ನೆನಪಿನ ಪರೀಕ್ಷೆಯನ್ನು ತಮಿಳಿನಲ್ಲಿ ಮಾಡುವಾಗ, ಆಕೆಯ ಮನೆಮಾತು ಕನ್ನಡವೆಂದು ಮುಂಚಿತವಾಗಿ ತಿಳಿಸಬೇಕು. ಇಲ್ಲವಾದರೆ ಗೊತ್ತಿದ್ದ ಉತ್ತರವೂ ತಪ್ಪೆಂದು ದಾಖಲಾಗುತ್ತದೆ. ಮನೆ ಬಿಟ್ಟು ಹೊರಟುಹೋಗುವ ಅಪಾಯವಂತೂ ಇದ್ದೇ ಇದೆ. 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಅನಂತನಾಗ್ ಅಭಿನಯಿಸಿದ ವೃದ್ಧ ಹಾಗೆ ಕಳೆದುಹೋದದ್ದನ್ನು ಕನ್ನಡಿಗರು ನೋಡಿದ್ದಾರೆ. ತುಡಿಯಲೂರಿನಲ್ಲಿ ಮನೆಯ ಹೊರಗೆ ಊಟಿಯ ಹೆದ್ದಾರಿ, ಅದರ ಪಕ್ಕದಲ್ಲಿ ರೈಲು ಹಳಿ. ಸೆರಗಿನ ತುದಿಗೋ ಕೊರಳಿನ ದಾರಕ್ಕೋ ವಿಳಾಸದ ಚೀಟಿ ಕಟ್ಟಬೇಕು. ಅದನ್ನು ತಮಿಳಿನಲ್ಲಿಯೇ ಬರೆಯಬೇಕು, ಏಕೆಂದರೆ ಆಕೆಯನ್ನು ಕಂಡು ಕೈಹಿಡಿದು ತರುವವರು ತಮಿಳರೇ. ಈ ಊರಿನಲ್ಲಿ ಹಾಗೆ ತಂದುಬಿಡುವವರಿಗೆ ಕೊರತೆಯಿಲ್ಲ ಎಂಬುದನ್ನೂ ಹೇಳಬೇಕು.

ಉತ್ತರದ ಕಾಡು ದಾಟಿ, ದಿಂಬಂ ಘಟ್ಟದ 27 ತಿರುವುಗಳನ್ನು ಹತ್ತಿದರೆ ತಾಳವಾಡಿ. ಈರೋಡು ಜಿಲ್ಲೆ 1979ರಲ್ಲಿ ಬೇರೆಯಾಗುವ ತನಕ ಅದೂ ಕೊಯಮತ್ತೂರು ಜಿಲ್ಲೆಯ ಭಾಗವೇ. ಅಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಅಲ್ಲಿನ ಮಗು ಅಜ್ಜಿ ಆಡುವ ಮಾತನ್ನೇ ಪುಸ್ತಕದಲ್ಲಿ ಓದುತ್ತದೆ. 2006ರ ಕಾನೂನಿನ ಬಳಿಕ ತಮಿಳನ್ನೂ ಕಲಿಯಬೇಕಾಗಿದೆ. ಆ ಕುರಿತ ಕಷ್ಟಸುಖಗಳು ಬೇರೆ. ಕನ್ನಡ ಶಾಲೆಗೆ ಮಕ್ಕಳನ್ನು ಕಳಿಸುವ ತಂದೆತಾಯಿಯರನ್ನು ‘ಇದರಿಂದ ಮುಂದೆ ಏನು ಪ್ರಯೋಜನ?’ ಎಂದು ನೆಂಟರಿಷ್ಟರು ಕೇಳುತ್ತಲೇ ಇರುತ್ತಾರೆ. ಕೆಲಸದ ಲೆಕ್ಕದಲ್ಲಿ ಉತ್ತರ ಹೇಳುವುದು ಕಷ್ಟವೇ. ತುಡಿಯಲೂರಿನ ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ಆ ಪ್ರಶ್ನೆಗೆ ಇನ್ನೊಂದು ಲೆಕ್ಕವಿದೆ.

ಆ ಮನೆಯ ಹುಡುಗಿಗೆ ಕನ್ನಡ ಲಿಪಿ ಬಾರದು. ಆರೈಕೆಯವಳಿಗೆ ನೆರವಾಗಲೆಂದು ಆಕೆ ಒಂದು ಹಾಳೆಯಲ್ಲಿ ಅಜ್ಜಿಯ ಮಾತುಗಳನ್ನು ತಮಿಳು ಅಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸುತ್ತಾಳೆ. ಚಳಿ ಎಂದರೆ ಕಂಬಳಿ. ಎದೆ ಎಂದರೆ ನೆಂಜು. ಕೂಡಲೇ ಅಪ್ಪನಿಗೆ ಫೋನು. ಕತ್ತು ಎಂದರೆ ಕಳುತ್ತು. ಹೊಟ್ಟೆ ಎಂದರೆ ವಯಿರು. ‘ಬೇಡ’ ಎಂಬಲ್ಲಿ ತೊಡಕಾಗುತ್ತದೆ. ತಮಿಳಿನಲ್ಲಿ ಬಕಾರಕ್ಕೆ ಬೇರೆ ಅಕ್ಷರವಿಲ್ಲ, ಪಕಾರವೇ ಎರಡಕ್ಕೂ. ಮರುದಿನ ಗಂಜಿಯ ಬಟ್ಟಲು ಹಿಡಿದ ಹುಡುಗಿ, ಅಜ್ಜಿ ಮುಖ ತಿರುಗಿಸಿದ್ದನ್ನು ಕಂಡು, ಗೋಡೆಯ ಹಾಳೆ ನೋಡಿ ಬಹಳ ಮರ್ಯಾದೆಯಿಂದ ಕೇಳುತ್ತಾಳೆ: ‘ಪೇಡಾನಾ ಪಾಟಿ?’

ಸಿಹಿಯ ಹೆಸರು ಕೇಳಿ ಅಜ್ಜಿ ಈ ಕಡೆ ತಿರುಗಿ ಕೈಚಾಚುತ್ತಾಳೆ.